ಒನಕೆಯ ಪೆಟ್ಟಿನಲ್ಲಿ ಕಲಿತ ಸ್ಪ್ಯಾನಿಷ್

ಪುತ್ತೂರು ಪೇಟೆಯ ಹೊರಗೆ, ಗುಡ್ಡದ ಬದಿಯಲ್ಲಿ ಒಂದು ಸಣ್ಣ ಕಾನ್ವೆಂಟ್ ಇತ್ತು. ಅಲ್ಲಿಯ ಹಾಸ್ಟೆಲಿನಲ್ಲಿದ್ದುಕೊಂಡು ನಾನು ಓದಿದೆ. ಟೀಚರ್ ತರಬೇತಿ ಮುಗಿದ ಮೇಲೆ ಅದೇ ಹಾಸ್ಟೆಲಿಗೆ ಮೇಲ್ವಿಚಾರಕಿಯಾಗಿ, ಪಕ್ಕದ ಶಾಲೆಗೆ ಕನ್ನಡ ಟೀಚರಾಗಿ ಬಂದೆ. ನನ್ನ ಮನೆ ಆಲಂಕಾರಿನಲ್ಲಿ. ನಾವು ಕ್ರಿಶ್ಚಿಯನ್ನರಲ್ಲ. ಆದರೆ ನನ್ನ ದಿನಚರಿಯನ್ನು ರೂಪಿಸಿದ್ದು ಆ ಕಾನ್ವೆಂಟಿನ ಗಂಟೆಯೇ. ಗಂಟೆಗೆ ಏಳುವುದು, ಗಂಟೆಗೆ ಸ್ನಾನ, ಗಂಟೆಗೆ ಗಂಜಿ, ಗಂಟೆಗೆ ಮೌನ. ಈಗಲೂ ನನ್ನ ಮನೆಯಲ್ಲಿ ಬೆಳಗಿನ ಕೆಲಸ ಅದೇ ಕ್ರಮದಲ್ಲಿ ನಡೆಯುತ್ತದೆ. ಗಂಟೆ ಹೊಡೆಯುವವರು ಇಲ್ಲ, ಅಷ್ಟೇ.

ಗಂಟೆಯ ಹಗ್ಗ ಆಗ ಮದರ್ ಅವರ ಕೈಯಲ್ಲಿತ್ತು. ಮದರ್ ಸ್ಪೇನ್ ದೇಶದವರು. ಹರೆಯದಲ್ಲಿ ಹಡಗು ಹತ್ತಿ ಬಂದವರು ಮತ್ತೆ ಊರಿಗೆ ಹೋದವರಲ್ಲ. ಹೆರಿಗೆಯ ಕೆಲಸ ಕಲಿತಿದ್ದರು. ಬೆಳ್ಳಾರೆಯ ಕಡೆಗೆ, ಸುಳ್ಯ ದಾಟಿ ಕಲ್ಲುಗುಂಡಿಯವರೆಗೆ, ಮೊದಲು ನಡೆದು, ಆಮೇಲೆ ಬಸ್ಸಿನಲ್ಲಿ, ಯಾರ ಮನೆಯಿಂದ ಕರೆ ಬಂದರೂ ಹೋಗುತ್ತಿದ್ದರು. ಅವರ ಕನ್ನಡ ಅರ್ಧ ಪುಸ್ತಕದ್ದು, ಅರ್ಧ ಸಂತೆಯದ್ದು. ತುಳು ಮಾತ್ರ ಪೂರ್ತಿ ಸಂತೆಯದ್ದು.

ನಾನು ಹೇಳಹೊರಟಿರುವುದು ಅರವತ್ತರ ದಶಕದ ಮೊದಲ ಭಾಗದ ಒಂದು ಮಳೆಗಾಲದ ಸಂಗತಿ. ಮದರ್ ಅವರ ಕಣ್ಣು ಮಂಜಾಗುತ್ತಾ ಬಂದಿತ್ತು. ಮುಖ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅವರ ಮಠದ ನಿಯಮ ಹೀಗಿತ್ತು: ಪ್ರತಿ ಕಾನ್ವೆಂಟಿನ ಹಿರಿಯಳು ದಿನಕ್ಕೊಂದು ಪುಟ ನಿಯಮಗ್ರಂಥವನ್ನು ಓದಬೇಕು, ಸ್ಪೇನಿನಿಂದ ಬರುವ ಪತ್ರಗಳನ್ನು ಓದಿ ಉತ್ತರ ಬರೆಸಬೇಕು. ಗ್ರಂಥವೂ ಪತ್ರವೂ ಸ್ಪ್ಯಾನಿಷ್ ಭಾಷೆಯವು. ಓದಲಾಗದವರು ಊರಿಗೆ ಮರಳಿ, ಅಲ್ಲಿ ವಯಸ್ಸಾದ ಸಿಸ್ಟರುಗಳಿಗೆಂದೇ ಇರುವ ಮನೆಯಲ್ಲಿ ಉಳಿಯಬೇಕು. ಮಳೆ ಮುಗಿದ ಮೇಲೆ ಮೇಲಿನ ಮದರ್ ಒಬ್ಬರು ಮುಂಬಯಿಯಿಂದ ಬಂದು ನೋಡಿ ತೀರ್ಮಾನಿಸುವರು ಎಂದು ತಿಳಿಸಿದ್ದರು.

ಒಂದು ಸಂಜೆ ಮದರ್ ನನ್ನನ್ನು ಕರೆದರು.

"ನೋಡು ಮಾರಾಯ್ತಿ, ನನಗೆ ಓದಿಹೇಳುವವರು ಒಬ್ಬರು ಮನೆಯಲ್ಲಿ ಉಂಟು ಅಂತಾದರೆ ನಾನು ಹೋಗಬೇಕಾಗಿಲ್ಲ. ನೀನು ಕಲಿ."

"ಸಿಸ್ಟರುಗಳು ಇದ್ದಾರಲ್ಲ ಮದರ್?"

"ಒಬ್ಬಳಿಗೆ ಡಿಸ್ಪೆನ್ಸರಿ, ಒಬ್ಬಳಿಗೆ ಅಡುಗೆಮನೆಯ ಲೆಕ್ಕ. ಇಬ್ಬರೂ ನನ್ನ ಎದುರು ಕೂತರೆ ನಿದ್ದೆ ಮಾಡುತ್ತಾರೆ. ನೀನು ಮಾಡುವುದಿಲ್ಲ. ನಿನ್ನನ್ನು ಹಾಗೆ ಬೆಳೆಸಿದ್ದು ನಾನೇ."

"ಅರ್ಥ ಆಗದೆ ಓದುವುದಾ?"

"ಅರ್ಥ ನನಗೆ ಆಗುತ್ತದೆ. ಅಕ್ಷರ ನಿನಗೆ ಕಾಣುತ್ತದೆ. ಇಬ್ಬರು ಸೇರಿದರೆ ಒಬ್ಬಳು ಪೂರ್ತಿ ಆದಳು."

ನಾನು ಒಪ್ಪಿದೆ. ಬೆಳಗಿನ ಗಂಜಿಗೂ ಶಾಲೆಯ ಗಂಟೆಗೂ ನಡುವೆ ಇದ್ದ ಸಮಯ ಪಾಠಕ್ಕೆ ಎಂದಾಯಿತು. ಜಗಲಿಯ ಕೊನೆಯಲ್ಲಿ ಮೇಜು. ಮದರ್ ಒಂದು ಬದಿಗೆ, ನಾನು ಒಂದು ಬದಿಗೆ. ಅಕ್ಷರಗಳು ಇಂಗ್ಲಿಷಿನವೇ ಆದ್ದರಿಂದ ನಾನು ಸುಲಭವೆಂದುಕೊಂಡಿದ್ದೆ. ಓದಿದೆ. ಮದರ್ ಕಿವಿ ಮುಂದಕ್ಕೆ ಚಾಚಿ ಕೇಳಿದರು. ಹುಬ್ಬು ಗಂಟಾಯಿತು.

"ಇದು ಯಾವ ಭಾಷೆ?"

"ನಿಮ್ಮದೇ, ಮದರ್."

"ನನ್ನದು ಅಲ್ಲ. ನೀನು ಎಲ್ಲ ಅಕ್ಷರಕ್ಕೂ ಸಮಾನ ಬಡಿಸಿದ್ದಿ. ಹಾಸ್ಟೆಲಿನ ಗಂಜಿ ಹಾಗೆ. ನಮ್ಮ ಶಬ್ದದಲ್ಲಿ ಒಂದು ತುಂಡಿಗೆ ಜಾಸ್ತಿ ಬಡಿಸಬೇಕು. ಯಾವ ತುಂಡಿಗೆ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ನಾನು ಊಟ ಹುಡುಕುತ್ತಾ ಕೂತುಕೊಳ್ಳಬೇಕು."

ಆದ್ದರಿಂದ ಗ್ರಂಥವನ್ನು ಮುಚ್ಚಿಟ್ಟು ಕ್ರಿಯಾಪದಗಳಿಂದ ಪ್ರಾರಂಭಿಸಿದೆವು. ಹಾಡುವುದು ಎಂಬ ಪದ ಮೊದಲು. ನಾನು ಹಾಡುತ್ತೇನೆ, ಕಂತೊ. ನೀನು ಹಾಡುತ್ತಿ, ಕಂತಸ್. ಅವನು, ಅವಳು, ಕಂತ. ನಾವು, ಕಂತಾಮೊಸ್. ನೀವು, ಕಂತಾಯ್ಸ್. ಅವರು, ಕಂತನ್. ಮೊದಲು ಪದವನ್ನು ತುಂಡು ಮಾಡಬೇಕು, ಆಮೇಲೆ ಒಂದು ತುಂಡಿನ ಮೇಲೆ ತೂಕ ಹಾಕಬೇಕು. ತುಂಡು ಮಾಡುವುದರಲ್ಲೇ ನಾನು ಎಡವಿದೆ. ಕಾಯುವುದು ಎಂಬ ಅರ್ಥದ ಪದ ಬಂತು, ಎಸ್ಪೆರೊ. ನಾವು ಕನ್ನಡದಲ್ಲಿ ಬರೆಯುವಾಗ ಸಕಾರಕ್ಕೆ ಪಕಾರದ ಒತ್ತು ಕೊಟ್ಟು ಎರಡನ್ನೂ ಒಂದೇ ಅಕ್ಷರ ಮಾಡುತ್ತೇವೆ. ನಾನು ಎ, ಸ್ಪೆ, ರೊ ಎಂದು ಒಡೆದೆ. ಮದರ್ ಬೆರಳಿನ ಗೆಣ್ಣಿನಿಂದ ಮೇಜಿಗೆ ಟಕ್ ಎಂದು ಕುಟ್ಟಿದರು. "ಎಸ್. ಪೆ. ರೊ. ಅಂಟಿದ್ದನ್ನು ಬಿಡಿಸು." ಸರಿ, ಬಿಡಿಸುವುದು ಎಂದು ಕಲಿತು, ಕಂತಾಯ್ಸ್ ಬಂದಾಗ ಅದನ್ನೂ ಬಿಡಿಸಿ ತಾ, ಇಸ್ ಎಂದೆ. ಮತ್ತೆ ಟಕ್. "ತಾಯ್ಸ್ ಒಂದೇ ತುಂಡು. ಅಂಟಿದ್ದನ್ನು ಯಾಕೆ ಬಿಡಿಸುತ್ತಿ?"

"ಈಗ ನೀವೇ ಬಿಡಿಸಲು ಹೇಳಿದ್ದಲ್ಲವಾ?"

"ಎಲ್ಲವನ್ನೂ ಅಂತ ಹೇಳಿದೆನಾ?"

ತೂಕದ ವಿಷಯಕ್ಕೆ ಒಂದು ಕ್ರಮವಿತ್ತು. ನಾನು, ನೀನು, ಅವನು, ಅವರು ಎನ್ನುವಾಗ ತೂಕ ಪದದ ಬೇರಿನ ಮೇಲೆ ಬೀಳುತ್ತದೆ. ನಾವು, ನೀವು ಎನ್ನುವಾಗ ಮಾತ್ರ ಅದು ಬಾಲದ ಕಡೆಗೆ ಸರಿಯುತ್ತದೆ. ಕಂತೊ ಎನ್ನುವಾಗ ಕನ್ ಭಾರ. ಕಂತಾಮೊಸ್ ಎನ್ನುವಾಗ ತಾ ಭಾರ. ನನಗೆ ಕ್ರಮವೆಂದರೆ ಇಷ್ಟ. ಆದರೆ ಕಾರಣ ಬೇಕು. ಕೇಳಿದೆ.

ಮದರ್ ಹೇಳಿದರು. "ಒಬ್ಬಳೇ ಇದ್ದರೆ ಹೊರೆ ತಲೆಯ ಮೇಲೆ. ನಾವು, ನೀವು ಅಂತ ಜೊತೆಗೆ ಜನ ಇದ್ದರೆ ಹೊರೆ ಕೆಳಗೆ ಇಳಿಸಿ ಕೈ ಕೈ ಹಿಡಿದು ತೆಗೆದುಕೊಂಡು ಹೋಗುತ್ತಾರೆ."

"ಅವರು ಅಂದರೂ ತುಂಬ ಜನವೇ ಅಲ್ಲವಾ ಮದರ್? ಅವರು ಯಾಕೆ ತಲೆಯ ಮೇಲೆ ಹೊರುವುದು?"

"ಅವರ ಹೊರೆ ನನಗೆ ಗೊತ್ತಿಲ್ಲ. ನೀನು ನಿನ್ನದು ಹೇಳು."

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಕೂಡಲೇ ಮಕ್ಕಳೆಲ್ಲ ಸಾಲಾಗಿ ಕೂತು ಬಾಯಿಪಾಠ ಹೇಳುವ ಪದ್ಧತಿ. ವಾರ, ತಿಂಗಳು, ನಕ್ಷತ್ರ, ಮಗ್ಗಿ, ಎಲ್ಲವೂ ಒಂದೇ ರಾಗದಲ್ಲಿ. ಆ ರಾಗದಲ್ಲಿ ಕಲಿತದ್ದು ಸಾಯುವವರೆಗೆ ಮರೆಯುವುದಿಲ್ಲ. ನಾನು ಆ ಕ್ರಿಯಾಪದಗಳನ್ನೂ ಅದೇ ರಾಗಕ್ಕೆ ಹಾಕಿದೆ. ಬಟ್ಟೆ ಒಗೆಯುವಾಗ ಕಂತೊ ಕಂತಸ್, ಮಕ್ಕಳ ತಲೆ ಬಾಚುವಾಗ ಕಂತಾಮೊಸ್ ಕಂತಾಯ್ಸ್. ಒಂದು ವಾರದೊಳಗೆ ಒಂದು ಪದಕ್ಕೂ ತಡವರಿಸದೆ ಹೇಳತೊಡಗಿದೆ. ಮದರ್ ಎದುರು ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಮೇಜು ಕುಟ್ಟಿದರು. ರಾಗದಲ್ಲಿ ಪ್ರತಿ ಪದದ ಕೊನೆಯನ್ನು ನಾನು ಎಳೆಯುತ್ತಿದ್ದೆ. ತೂಕ ಎಲ್ಲ ಕಡೆಯಲ್ಲೂ ಬಾಲಕ್ಕೇ ಬೀಳುತ್ತಿತ್ತು. ಅದೂ ಅಲ್ಲದೆ, "ನಾವು ಹಾಡುತ್ತೇವೆ ಹೇಳು" ಎಂದು ನಡುವಿನದೊಂದನ್ನು ಕೇಳಿದರೆ ನಾನು ಮನಸ್ಸಿನಲ್ಲೇ ಮೊದಲಿನಿಂದ ಹೊರಟು ಅಲ್ಲಿಗೆ ಬಂದು ಮುಟ್ಟಬೇಕಾಗುತ್ತಿತ್ತು.

"ಬಸ್ಸಿನ ಹಾಗೆ ನೀನು," ಮದರ್ ಹೇಳಿದರು. "ಎಲ್ಲ ಸ್ಟಾಪಿನಲ್ಲಿ ನಿಂತು ಬರುತ್ತಿ."

ರಾಗ ಬಿಟ್ಟೆ. ಆಮೇಲೆ ಮತ್ತೊಂದು ತೊಂದರೆ. ನಾನು ಶಾಲೆಯಲ್ಲಿ ಲಘು ಗುರು ಹಾಕಿ ಪದ್ಯ ಬಿಡಿಸುವುದನ್ನು ಕಲಿಸುವವಳು. ನಮಗೆ ಗುರು ಎಂದರೆ ಉದ್ದ. ತೂಕದ ತುಂಡನ್ನು ನಾನು ಉದ್ದ ಮಾಡಿದೆ. ಉಳಿಯುತ್ತೇನೆ ಎನ್ನುವುದಕ್ಕೆ ಅವರಲ್ಲಿ ಕೆದೊ ಎನ್ನುತ್ತಾರೆ. ನಾನು ಕೇ ಎಂದು ಎಳೆದೆ.

"ಎಳೆಯಬೇಡ. ಉದ್ದ ಬೇರೆ, ಭಾರ ಬೇರೆ. ಬಳ್ಳಿ ಉದ್ದ ಉಂಟು. ಕಲ್ಲು ಭಾರ ಉಂಟು."

ಅದು ನನಗೆ ಬಾಯಿಗೆ ಬರಲಿಲ್ಲ. ಗಟ್ಟಿಯಾಗಿ ಹೇಳಿದರೆ ಜಗಳದ ಹಾಗೆ ಕೇಳುತ್ತಿತ್ತು. ಮೆತ್ತಗೆ ಹೇಳಿದರೆ ಮತ್ತೆ ಸಮಾನ ಗಂಜಿ. ಮಳೆ ಜೋರಿರುವ ಆಟಿ ತಿಂಗಳು ಹೀಗೇ ಕಳೆಯಿತು. ಮದರ್ ತಾಳ್ಮೆ ಕಳೆದುಕೊಳ್ಳಲಿಲ್ಲ. ಆದರೆ ಮಳೆ ಬಿಟ್ಟ ಒಂದು ದಿನ ಅವರು ತಮ್ಮ ಮರದ ಪೆಟ್ಟಿಗೆಯನ್ನು ಜಗಲಿಗೆ ತರಿಸಿ, ಒಳಗಿದ್ದ ಉಣ್ಣೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಿಸಿದರು. ನಮ್ಮ ಊರಿನಲ್ಲಿ ಉಣ್ಣೆಯ ಬಟ್ಟೆ ಯಾರಿಗೆ ಬೇಕು? ಅವು ಸ್ಪೇನಿನ ಚಳಿಗೆ. ನಾನು ನೋಡಿದೆ ಎಂದು ಗೊತ್ತಾಗಿ, "ಹುಳ ಬೀಳಬಾರದಲ್ಲ" ಎಂದರು.

ಅದೇ ದಿನ ಬೆಳ್ಳಾರೆಯಿಂದ ಬ್ಯಾರಿ ಮುಸ್ಲಿಮರ ಒಬ್ಬ ಅಜ್ಜಿ ಮೊಟ್ಟೆಗಳ ಬುಟ್ಟಿ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಅವರ ಎಲ್ಲ ಹೆರಿಗೆಯನ್ನೂ ಮಾಡಿಸಿದ್ದು ಮದರ್. ಈಗ ಸೊಸೆ ಆರು ತಿಂಗಳ ಬಸುರಿ. ಜಗಲಿಯ ಉಣ್ಣೆ ಬಟ್ಟೆಗಳನ್ನು ಮುಟ್ಟಿನೋಡಿ ನನ್ನನ್ನು ಕೇಳಿದರು.

"ಮದರ್ ಹೋಗುದಾ, ಟೀಚರಮ್ಮ?"

"ಗೊತ್ತಿಲ್ಲ ಅಜ್ಜಿ. ಅವರಿಗೆ ಓದ್ಲಿಕ್ಕೆ ಕಾಣುದಿಲ್ಲ."

"ಓದುದು ಎಂತಕ್ಕೆ? ನನ್ನ ಸೊಸೆಯ ಹೊಟ್ಟೆಯಲ್ಲಿ ಎಂತ ಬರ್ದುಂಟು ಓದ್ಲಿಕ್ಕೆ? ಕೈಯಲ್ಲಿ ಮುಟ್ಟಿ ನೋಡಿದ್ರೆ ಸಾಕು ಅವರಿಗೆ."

ಮದರ್ ಒಳಗಿನಿಂದ ಬಂದು ಅವರ ತೋಳು ಹಿಡಿದುಕೊಂಡರು. ಇಬ್ಬರೂ ತುಳುವಿನಲ್ಲಿ ಮಾತಾಡುತ್ತಾ ಡಿಸ್ಪೆನ್ಸರಿಯ ಕಡೆಗೆ ಹೋದರು. ನಾನು ಬಟ್ಟೆಗಳನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟೆ. ಅವತ್ತಿನಿಂದ ಶಾಲೆ ಬಿಟ್ಟ ಮೇಲೂ ಒಂದು ಗಂಟೆ ಹೆಚ್ಚು ಅಭ್ಯಾಸ ಮಾಡುವುದು ಎಂದು ನಿಶ್ಚಯಿಸಿದೆ.

ನನಗೆ ತೂಕ ಸಿಕ್ಕಿದ್ದು ಅಡುಗೆಮನೆಯ ಹಿಂದಿನ ಚಾವಡಿಯಲ್ಲಿ. ಹಾಸ್ಟೆಲಿಗೆ ಅವಲಕ್ಕಿ ಮನೆಯಲ್ಲೇ ಕುಟ್ಟುವುದು. ನೆನೆಸಿದ ಭತ್ತವನ್ನು ಅಡುಗೆಯಕ್ಕ ಹುರಿದು ಬಿಸಿಬಿಸಿಯಾಗಿ ಒರಳಿಗೆ ಹಾಕುವುದು, ಇಬ್ಬರು ಎದುರುಬದುರು ನಿಂತು ಒನಕೆ ಹಾಕುವುದು. ಜೊತೆಗೆ ಕುಟ್ಟುವ ಹೆಂಗಸು ಆ ದಿನ ಬಂದಿರಲಿಲ್ಲ. ನಾನು ನಿಂತೆ. ಅವಲಕ್ಕಿ ಕುಟ್ಟುವುದರಲ್ಲಿ ಎಲ್ಲ ಪೆಟ್ಟೂ ಒಂದೇ ಅಲ್ಲ. ಒಂದು ಬಲದ ಪೆಟ್ಟು, ಮುಂದಿನದು ಬರೀ ತಿರುವಿಹಾಕುವ ಪೆಟ್ಟು. ಒನಕೆ ಎರಡು ಸಲವೂ ಒಂದೇ ಎತ್ತರದಿಂದ ಬರುತ್ತದೆ, ಒಂದೇ ಹೊತ್ತು ತೆಗೆದುಕೊಳ್ಳುತ್ತದೆ. ಬಲದ ಪೆಟ್ಟಿಗೆ ಮಾತ್ರ ಹೊಟ್ಟೆಯಿಂದ ಹುಸ್ ಎಂದು ಉಸಿರು ಹೊರಡುತ್ತದೆ.

ಕೈ ಹಿಡಿತಕ್ಕೆ ಬಂದ ಮೇಲೆ ನಾನು ನನಗೆ ತಿಳಿಯದೆಯೇ ಹೇಳತೊಡಗಿದ್ದೆ. ಕನ್ ಎನ್ನುವಾಗ ಬಲದ್ದು, ತೊ ಎನ್ನುವಾಗ ಹಗುರದ್ದು. ಕೆ, ದೊ. ಉದ್ದವಾಗಲಿಲ್ಲ. ಜಗಳದ ಹಾಗೂ ಕೇಳಲಿಲ್ಲ. ಉಸಿರು ಮಾತ್ರ ಅಲ್ಲಿ ಕೂತಿತು. ಆಮೇಲೆ ನಾವು ಎಂಬ ರೂಪ, ಕೆದಾಮೊಸ್, ಹೇಳಿದೆ. ಹಗುರ, ಬಲ, ಹಗುರ. ಒನಕೆ ತಪ್ಪಿತು. ಅಡುಗೆಯಕ್ಕನ ಒನಕೆಗೆ ನನ್ನದು ತಾಗಿ ಭತ್ತ ನೆಲಕ್ಕೆ ಹಾರಿತು.

"ಎಂತ ಟೀಚರೇ, ಅವಲಕ್ಕಿಗೆ ಮಂತ್ರ ಹಾಕುದಾ?"

"ಮದರ್‌ನ ಪಾಠ ಅಕ್ಕ."

"ಮದರ್‌ನ ಪಾಠಕ್ಕೆ ಹಾಸ್ಟೆಲಿನ ಮಕ್ಳು ನೆಲ ನೆಕ್ಕುದಾ? ಒಂದೋ ಕುಟ್ಟಿ, ಇಲ್ಲ ಓದಿ."

"ಎರಡೂ ಆಗ್ತದೆ. ನೀವು ಒನಕೆ ಹಾಕಿ."

"ಆಗುದಾದ್ರೆ ಆಗ್ಲಿ. ನುಚ್ಚಾದ್ರೆ ನಿಮ್ಮ ಬಟ್ಟಲಿಗೇ ಹಾಕುದು ನಾನು."

ನುಚ್ಚಾಯಿತು. ಮಾತಿಗೆ ತಪ್ಪದೆ ಅವರು ಅದನ್ನು ನನ್ನ ಬಟ್ಟಲಿಗೆ ಬಡಿಸಿದರು. ಆದರೆ ಮರುದಿನ ಬೆಳಗ್ಗೆ ಮೇಜಿನ ಮುಂದೆ ಕೂತು, ಕೈಯಲ್ಲಿ ಒನಕೆ ಇದೆ ಎಂದುಕೊಂಡು ಹೇಳಿದೆ. ಮದರ್ ಗೆಣ್ಣು ಎತ್ತಿದ್ದರು. ಕುಟ್ಟಲಿಲ್ಲ.

"ಇನ್ನೊಮ್ಮೆ."

ಹೇಳಿದೆ.

"ಎಲ್ಲಿ ಸಿಕ್ಕಿತು?"

"ಒರಳಿನಲ್ಲಿ."

ಅವರು ತಲೆಯಾಡಿಸಿ, ಅದೇ ಸರಿಯಾದ ಜಾಗ ಎಂಬಂತೆ, ಮುಂದಿನ ಕ್ರಿಯಾಪದಕ್ಕೆ ಹೋದರು. ಆಮೇಲೆ ಕೆಲಸ ಬೇಗ ಸಾಗಿತು. ನಡೆದುಹೋದದ್ದು, ಇನ್ನು ನಡೆಯಬೇಕಾದದ್ದು, ಎಲ್ಲ ಕಾಲಗಳ ತೂಕವನ್ನೂ ಒನಕೆಗೆ ಹಾಕಿ ಕಲಿತೆ. ನವರಾತ್ರಿಯ ಹೊತ್ತಿಗೆ ಗ್ರಂಥವನ್ನು ಮತ್ತೆ ತೆರೆದೆವು. ಒಂದೊಂದು ವಾಕ್ಯ ನಿಧಾನವಾಗಿ ಓದಿದರೆ ಮದರ್ ಅವರ ಗೆಣ್ಣು ಮೇಜಿನ ಮೇಲೆ ಸುಮ್ಮನೆ ಇರುತ್ತಿತ್ತು.

ಮೇಲಿನ ಮದರ್ ಬಂದದ್ದು ದೀಪಾವಳಿ ಕಳೆದ ಮೇಲೆ. ಎತ್ತರದ, ಮಿತಭಾಷಿ ಹೆಂಗಸು. ಅವರೂ ಸ್ಪೇನಿನವರೇ, ಆದರೆ ಈ ದೇಶಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಹಾಸ್ಟೆಲಿನ ಕೋಣೆಗಳನ್ನೂ ಡಿಸ್ಪೆನ್ಸರಿಯನ್ನೂ ನೋಡಿ, ಸಂಜೆ ಪ್ರಾರ್ಥನೆ ಮುಗಿದ ಕೂಡಲೇ ನಮ್ಮನ್ನು ಕರೆದರು. ದೀಪ ಹಚ್ಚಿಯಾಗಿತ್ತು. ಅವರು ಗ್ರಂಥದ ಒಂದು ಪುಟ ತೆರೆದು ನನ್ನ ಮುಂದೆ ಇಟ್ಟರು. ನಾನು ಹಿಂದೆ ಓದಿದ ಪುಟ ಅಲ್ಲ.

ಮೊದಲ ವಾಕ್ಯ ಸರಿಯಾಗಿ ಬಂತು. ಎರಡನೆಯದೂ ಬಂತು. ಮೂರನೆಯದು ಉದ್ದದ ವಾಕ್ಯ, ನಡುವೆ ಕೆದಾಮೊಸ್ ಇತ್ತು. ನಾವು ಉಳಿಯುತ್ತೇವೆ. ಆ ಪದ ಕಂಡದ್ದೇ ನನಗೆ ಪೆಟ್ಟಿಗೆಯ ಉಣ್ಣೆ ಬಟ್ಟೆಗಳ ನೆನಪಾಯಿತು. ತೂಕ ತಪ್ಪಿತು. ತಪ್ಪಿದ್ದು ನನಗೇ ಕೇಳಿಸಿತು. ಆಮೇಲೆ ಏನಾಯಿತೆಂದರೆ, ಸಂಜೆ, ದೀಪ, ಹಿರಿಯರ ಮುಂದೆ ಕೂತು ಓದುವುದು, ಇಷ್ಟೂ ಸೇರಿ ನನ್ನ ನಾಲಿಗೆ ತನಗೆ ಗೊತ್ತಿದ್ದ ದಾರಿಗೆ ಹೋಯಿತು. ಆಲಂಕಾರಿನ ಮನೆಯ ಬಾಯಿಪಾಠದ ರಾಗ ಬಂತು. ಒನಕೆ ಇಲ್ಲ, ಬಲದ ಪೆಟ್ಟಿಲ್ಲ. ಎಲ್ಲ ಅಕ್ಷರಕ್ಕೂ ಸಮಾನ. ಕೊನೆಯಲ್ಲಿ ಎಳೆತ. ನಿಲ್ಲಿಸಲು ನೋಡಿದೆ. ಆಗಲಿಲ್ಲ. ಪುಟದ ಕೊನೆಯವರೆಗೂ ಹಾಗೆಯೇ ಓದಿದೆ.

ಅರ್ಧ ಪುಟ ಆಗುವಾಗ ಇನ್ನೊಂದು ದನಿ ಸೇರಿಕೊಂಡಿತು. ಮದರ್ ಅವರದ್ದು. ಆ ಪುಟ ಅವರಿಗೆ ಹರೆಯದಿಂದ ಬಾಯಿಗೆ ಬರುತ್ತಿತ್ತು ಎಂದು ಕಾಣುತ್ತದೆ. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಅವರು ಹೇಳುತ್ತಿದ್ದುದೂ ನನ್ನ ರಾಗದಲ್ಲೇ. ನನಗಾಗಿ ಅಲ್ಲ. ಅಷ್ಟು ವರ್ಷ ದಿನಾ ಸಂಜೆ ಹಾಸ್ಟೆಲಿನ ಮಕ್ಕಳ ನಡುವೆ ಕೂತು ಕನ್ನಡದ ಪ್ರಾರ್ಥನೆ ಹೇಳಿಸಿದ ಬಾಯಿ ಅದು. ಒಂದೊಂದು ಪದ ಕೇಳಿ ತಿದ್ದುವಾಗ ಅವರ ಕಿವಿ ಸ್ಪೇನಿನದ್ದು. ದೀಪದ ಮುಂದೆ ಕೂತು ಹೇಳುವಾಗ ನಾಲಿಗೆ ನಮ್ಮ ಊರಿನದ್ದು. ಇದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮದರ್‌ಗೂ ಗೊತ್ತಿರಲಿಲ್ಲ.

ಓದು ಮುಗಿಯಿತು. ಮೇಲಿನ ಮದರ್ ನಮ್ಮಿಬ್ಬರನ್ನೂ ನೋಡಿದರು.

"ನನಗೆ ಸರಿಯಾಗಿ ಅರ್ಥವಾದದ್ದು ಮೊದಲ ಎರಡು ವಾಕ್ಯ," ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು. ನಾನು ತಲೆ ತಗ್ಗಿಸಿದೆ. ಅವರು ಗ್ರಂಥ ಮುಚ್ಚಿ, ಮದರ್ ಅವರಿಗೆ ಬಾಯಿಗೆ ಬಾರದ ಒಂದು ಪತ್ರವನ್ನು, ತಾವು ಬರುವಾಗ ತಂದದ್ದನ್ನು, ನನ್ನ ಕೈಗೆ ಕೊಟ್ಟು ಓದೆಂದರು. ತೂಕ ಹುಡುಕಲು ಹೋಗಲೇ ಇಲ್ಲ. ಬಂದ ರಾಗದಲ್ಲಿ ಓದಿದೆ. ಮುಗಿದಾಗ ಅವರು ಮದರ್ ಅವರನ್ನು ಸ್ಪ್ಯಾನಿಷಿನಲ್ಲಿ ಏನೋ ಕೇಳಿದರು. ಮದರ್ ಉತ್ತರ ಕೊಟ್ಟರು. ಮತ್ತೆ ಕೇಳಿದರು, ಮತ್ತೆ ಉತ್ತರ. ಮೇಲಿನ ಮದರ್ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಸಾಲಿನ ಮೇಲೆ ಬೆರಳಿಟ್ಟು ಹೋಲಿಸುತ್ತಾ ಹೋದರು. ಮದರ್ ಪತ್ರದ ವಿಷಯ ಹೇಳುತ್ತಾ ಹೋದರು. ಪತ್ರದಲ್ಲಿದ್ದುದು ಒಂದೂ ಬಿಟ್ಟುಹೋಗಲಿಲ್ಲ ಎಂದು ಅವರ ಬೆರಳು ನಿಲ್ಲದೆ ಇಳಿಯುತ್ತಿದ್ದುದರಿಂದ ನನಗೆ ತಿಳಿಯಿತು.

ಮೇಲಿನ ಮದರ್ ಪತ್ರ ಮಡಚಿದರು. ನನ್ನ ಕಡೆ ತಿರುಗಿದರು. ತುಟಿಯ ಒಂದು ಬದಿಯಲ್ಲಿ ನಗು ಇತ್ತು.

"ನೀವಿಬ್ಬರು ಓದುವ ಈ ಸ್ಪ್ಯಾನಿಷ್ ಯಾವ ಊರಿನದ್ದು ಎಂದು ಅವರನ್ನು ಕೇಳಿ."

ಮದರ್‌ಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಆದರೂ ನಾನು ಕನ್ನಡದಲ್ಲಿ ಕೇಳಿದೆ.

"ಪುತ್ತೂರಿದ್ದು ಅಂತ ಹೇಳು," ಎಂದರು ಮದರ್.

ಹೇಳಿದೆ. ಮೇಲಿನ ಮದರ್ ಪತ್ರವನ್ನು ಗ್ರಂಥದೊಳಗೆ ಇಟ್ಟರು. ಆಮೇಲೆ ಹೇಳಿದ್ದು ಇಷ್ಟೆ. "ಸ್ಪೇನಿನ ಆ ಮನೆಯಲ್ಲಿ ಹೀಗೆ ಓದುವವರು ಯಾರೂ ಇಲ್ಲ. ಅಲ್ಲಿಗೆ ಕಳಿಸಿದರೆ ಇವರಿಗೆ ಯಾರು ಓದಿಹೇಳುತ್ತಾರೆ?" ಅದು ತಮಾಷೆಯೆಂದು ನಾನು ಮೊದಲು ಎಣಿಸಿದೆ. ತಮಾಷೆಯಾಗಿರಲಿಲ್ಲ. ಮರುದಿನ ಗಂಜಿಯ ಹೊತ್ತಿಗೆ ಸಿಸ್ಟರುಗಳೆದುರು ತೀರ್ಮಾನ ಹೇಳಿದರು. ಮದರ್ ಇಲ್ಲೇ ಇರುವುದು, ದಿನದ ಪುಟವನ್ನೂ ಪತ್ರಗಳನ್ನೂ ಟೀಚರ್ ಓದಿಹೇಳುವುದು. ಅಡುಗೆಯಕ್ಕನಿಗೆ ಇಂಗ್ಲಿಷ್ ಬಾರದಿದ್ದರೂ ಎಲ್ಲರ ಮುಖ ನೋಡಿಯೇ ತಿಳಿದು, ಮೇಲಿನ ಮದರ್ ಅವರ ಬಟ್ಟಲಿಗೆ ಕೇಳದೆಯೇ ಇನ್ನೊಂದು ಸೌಟು ಗಂಜಿ ಹಾಕಿಬಿಟ್ಟರು.

ಬೆಳ್ಳಾರೆಯ ಅಜ್ಜಿಯ ಸೊಸೆಗೆ ಆ ವಾರವೇ ಹೆರಿಗೆಯಾಯಿತು. ಮದರ್ ಬೆಳಗಿನ ಬಸ್ಸಿನಲ್ಲಿ ಒಬ್ಬ ಸಿಸ್ಟರಿನ ಕೈ ಹಿಡಿದುಕೊಂಡು ಹೋಗಿ, ಮರುದಿನ ಬಂದರು. ಬಂದವರು ಸ್ನಾನ ಮಾಡಿ, ಗಂಜಿ ಕುಡಿದು, ಸಮಯಕ್ಕೆ ಸರಿಯಾಗಿ ಜಗಲಿಯ ಮೇಜಿನ ಬಳಿ ಕೂತರು. ಇನ್ನು ಪರೀಕ್ಷೆ ಇಲ್ಲವಲ್ಲ, ಒನಕೆಯ ಕೆಲಸ ಮುಗಿಯಿತು ಎಂದುಕೊಂಡು ನಾನು ಪುಟ ತೆರೆದು ಸುಲಭದ ರಾಗದಲ್ಲಿ ಓದತೊಡಗಿದೆ.

ಗೆಣ್ಣು ಮೇಜಿಗೆ ಟಕ್ ಎಂದಿತು.

"ತೂಕ ಎಲ್ಲಿ?"

"ನಿಮಗೆ ಅರ್ಥ ಆಗ್ತದಲ್ಲ ಮದರ್?"

"ಅರ್ಥ ಆಗುತ್ತದೆ. ತೂಕ ಎಲ್ಲಿ?"

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಕೆದಾಮೊಸ್‌ನಿಂದ ಮತ್ತೆ ಶುರುಮಾಡಿದೆವು.